ಟಿಪ್ಪುನ ಕೊಂದಿದ್ದು ಯಾರು? ಉರಿಗೌಡ, ನಂಜೇಗೌಡ ಕತೆಗೆ ದಾಖಲೆ ಇದೆಯಾ?

ಟಿಪ್ಪು ಸುಲ್ತಾನನನ್ನ ಕೊಂದಿದ್ದು ಬ್ರಿಟಿಷರಲ್ಲ, ಉರಿಗೌಡ, ನಂಜೇಗೌಡ ಅನ್ನೋ ಇಬ್ಬರು ಒಕ್ಕಲಿಗ ವೀರರು. ಈ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಘಟನೆ ನಡೆದಿದ್ದು ನಮ್ಮ ಮಂಡ್ಯ ಜಿಲ್ಲೇಲೇ. ಹಾಗಾಗಿ ಇವತ್ತು ಇದನ್ನೇ ನೋಡೋಣ.

ಮೊದಲು ಗಟ್ಟಿಯಾಗಿ ಗೊತ್ತಿರೋದು. 1799ರ ಮಾರ್ಚ್ 27ಕ್ಕೆ ಮಳವಳ್ಳಿ ಹತ್ರ ಜನರಲ್ ಹ್ಯಾರಿಸ್‌ನ ಸೈನ್ಯದ ಎದುರು ಟಿಪ್ಪು ಸೋತು ಹಿಂದೆ ಸರಿದ. ಆಮೇಲೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಮೇ 4ರ ಮಧ್ಯಾಹ್ನ ಜನರಲ್ ಬೇರ್ಡ್‌ನ ಸೈನಿಕರು ಕೋಟೆಯೊಳಗೆ ನುಗ್ಗಿದ್ರು. ರಾತ್ರಿ ದೀಪ ಹಿಡಿದು ಹುಡುಕಿದಾಗ, ಕೋಟೆ ಬಾಗಿಲಲ್ಲಿ ಹೆಣಗಳ ರಾಶಿ ಕೆಳಗೆ ಟಿಪ್ಪು ದೇಹ ಸಿಕ್ತು. ಮೈಮೇಲೆ ಮೂರು ಗಾಯ, ಹಣೆ ಪಕ್ಕದಲ್ಲಿ ಒಂದು ಗುಂಡೇಟು. ಮಾರನೇ ದಿನ ಗುಂಬಜ್‌ನಲ್ಲಿ ತಂದೆ ಹೈದರಾಲಿ ಪಕ್ಕ ಮಣ್ಣು ಮಾಡಿದ್ರು.

ಗುಂಡು ಹೊಡೆದಿದ್ದು ಯಾರು? ಟಿಪ್ಪು ಜೊತೆಗಿದ್ದ ಸೇವಕ ರಾಜಾ ಖಾನ್ ಹೇಳಿದ್ದು ಇಷ್ಟು: ಗಾಯಗೊಂಡು ಬಿದ್ದಿದ್ದ ಸುಲ್ತಾನನ ಚಿನ್ನದ ಪಟ್ಟಿಗೆ ಒಬ್ಬ ಸೈನಿಕ ಕೈ ಹಾಕಿದ, ಸುಲ್ತಾನ ಕತ್ತಿ ಬೀಸಿದ, ಆಗ ಆ ಸೈನಿಕ ಗುಂಡು ಹೊಡೆದ. ಬ್ರಿಟಿಷ್ ಅಧಿಕಾರಿ ಬೀಟ್ಸನ್ 1800ರಲ್ಲೇ ಯುದ್ಧದ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಆದರೆ ಸೈನಿಕನ ಹೆಸರು ಮಾತ್ರ ದಾಖಲಾಗಲಿಲ್ಲ.

ಗಮನಿಸಿ, ಈ ಸೈನಿಕನ ಕತೆಯೂ ನಿಂತಿರೋದು ಒಬ್ಬನ ಹೇಳಿಕೆ ಮೇಲೆ. ಆದರೂ ಅವನು ಸ್ಥಳದಲ್ಲಿದ್ದವನು, ಹೇಳಿದ್ದು ಆಗಲೇ. ಉರಿಗೌಡ, ನಂಜೇಗೌಡ ಕತೆಗೆ ಅಂಥ ಸಮಕಾಲೀನ ಸಾಕ್ಷಿಯನ್ನ ಯಾರೂ ಮುಂದಿಟ್ಟಿಲ್ಲ. ನಾನು ಕಾಮರ್ಸ್ ಓದಿದವನು, ನಮ್ಮ ಭಾಷೇಲಿ ಇದು ವೋಚರ್ ಇಲ್ಲದ ಎಂಟ್ರಿ.

ಈ ಎಂಟ್ರಿ ದೊಡ್ಡದಾಗಿದ್ದು ಚುನಾವಣೆ ಹತ್ರ ಬಂದಾಗ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಈ ಇಬ್ಬರ ಹೆಸರಲ್ಲಿ ಸ್ವಾಗತ ಕಮಾನು ಎದ್ದಿತ್ತು. ವಿವಾದ ಆಗಿ ಹೆಸರು ಬದಲಾಯ್ತು. ಆಗ ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಸಿನಿಮಾ ಮಾಡ್ತೀನಿ ಅಂದ್ರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನ ಕರೆಸಿ ಮಾತಾಡಿ, ಮೊದಲು ದಾಖಲೆ ಬೇಕು ಅಂದ್ರು. ಸಿನಿಮಾ ನಿಂತೋಯ್ತು.

ಟಿಪ್ಪುನ ಮೆಚ್ಚೋದು, ಟೀಕಿಸೋದು ನಿಮಗೆ ಬಿಟ್ಟಿದ್ದು. ಆದರೆ ಒಂದು ಕೊಲೆಯನ್ನ ಇಡೀ ಸಮುದಾಯದ ಹೆಸರಿಗೆ ಬರೆಯೋ ಮುಂಚೆ ಎರಡು ಪ್ರಶ್ನೆ ಕೇಳಿ: ಕಂಡವರು ಯಾರು? ಬರೆದಿಟ್ಟಿದ್ದು ಯಾವಾಗ? ಉತ್ತರ ಸಿಗದಿದ್ರೆ ಆ ಮೆಸೇಜ್ ನಿಮ್ಮ ಫೋನಲ್ಲೇ ನಿಲ್ಲಲಿ.