ತಾನಾಗಿ ಹಿಡಿಯುವ ಬ್ರೇಕು ಮತ್ತು ಚಾಲಕರ ತಿಳಿವಳಿಕೆ

ಚಾಲಕರಿಗೆ ನೆರವಾಗುವ ವ್ಯವಸ್ಥೆಗಳ ಅಧ್ಯಯನ ಇಂದು ಬಹುಮಟ್ಟಿಗೆ ಅಪಘಾತಗಳ ಲೆಕ್ಕವಾಗಿಬಿಟ್ಟಿದೆ; ಎಷ್ಟು ಡಿಕ್ಕಿಗಳು ತಪ್ಪಿದವು ಎಂಬ ಎಣಿಕೆಯ ನಡುವೆ, ಆ ವ್ಯವಸ್ಥೆ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಚಾಲಕರು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬ ಮೂಲಪ್ರಶ್ನೆ ಬದಿಗೆ ಸರಿದಿದೆ.

ಯಂತ್ರವನ್ನು ಕಾಯುವ ಮನುಷ್ಯನ ಅಧ್ಯಯನ ಮೋಟಾರು ವಾಹನಗಳಿಂದ ಆರಂಭವಾದದ್ದಲ್ಲ. ರೇಡಾರ್ ಕಾಯುವ ಕೆಲಸವನ್ನು ಹೋಲುವ ಪ್ರಯೋಗದಲ್ಲಿ ಎಚ್ಚರ ಅರ್ಧ ಗಂಟೆಯಲ್ಲೇ ಇಳಿಯುತ್ತದೆಂದು ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ತೋರಿಸಿದರು. ಸುಲಭದ ಕೆಲಸವನ್ನೆಲ್ಲ ಯಂತ್ರ ವಹಿಸಿಕೊಂಡರೆ ಮನುಷ್ಯನ ಪಾಲಿಗೆ ಉಳಿಯುವುದು ಕಷ್ಟದ್ದೇ ಎಂದು ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ವಾದಿಸಿದರು. ಮುಂದಿನ ವಾಹನದ ಅಂತರವನ್ನು ಅಳೆದು ತಾನೇ ವೇಗವನ್ನು ಹೊಂದಿಸುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ 1990ರ ದಶಕದಲ್ಲಿ, ಮೊದಲು ಜಪಾನಿನಲ್ಲಿ ಲೇಸರಿನೊಂದಿಗೆ, ಬಳಿಕ ಜರ್ಮನಿಯಲ್ಲಿ ರೇಡಾರಿನೊಂದಿಗೆ ರಸ್ತೆಗಿಳಿಯಿತು.

ಕ್ಷೇತ್ರಕ್ಕೆ ಗಟ್ಟಿ ತಳಹದಿ ಹಾಕಿದವರು ಬ್ರಿಟನ್ನಿನ ನೆವಿಲ್ ಸ್ಟಾಂಟನ್, ಮಾರ್ಕ್ ಯಂಗ್ ಮತ್ತು ಸಂಗಡಿಗರು. ರಸ್ತೆಯ ಅನುಭವವನ್ನು ಪರದೆಯ ಮೇಲೆ ಮೂಡಿಸುವ ಸಿಮ್ಯುಲೇಟರಿನಲ್ಲಿ ಅವರು 1997ರಲ್ಲಿ ನಡೆಸಿದ ಪ್ರಯೋಗದಲ್ಲಿ ಈ ವ್ಯವಸ್ಥೆ ಕೈಕೊಡುವಂತೆ ಮಾಡಿದಾಗ, ಮೂರರಲ್ಲೊಂದು ಪಾಲು ಚಾಲಕರು ಡಿಕ್ಕಿಗೆ ಮುನ್ನ ವಾಹನದ ಹಿಡಿತವನ್ನು ಮರಳಿ ಪಡೆಯಲಾರದೆ ಹೋದರು. ಇದಕ್ಕೆ ಚಾಲಕರ ಸೋಮಾರಿತನವೇ ಕಾರಣವೆನ್ನುವುದು ಇಂದಿಗೂ ಚಾಲ್ತಿಯಲ್ಲಿರುವ ತಪ್ಪು ವ್ಯಾಖ್ಯಾನ; ಕೆಲಸದ ಹೊರೆ ಇಳಿದಂತೆ ಗಮನದ ಸಾಮರ್ಥ್ಯವೇ ಕುಗ್ಗುತ್ತದೆಂಬ ಅವರ 2002ರ ಸಿದ್ಧಾಂತ ದೋಷವನ್ನು ವ್ಯಕ್ತಿಯ ಸ್ವಭಾವದಿಂದ ಕೆಲಸದ ಸ್ವರೂಪಕ್ಕೆ ಸರಿಸಿತು.

ಇದಕ್ಕೆ ಪೂರಕವಾದದ್ದು ಜರ್ಮನಿಯ ಬೆಜಾಟೊ ಮತ್ತು ಕ್ರೆಮ್ಸ್ ಅವರ 2013ರ ಅಧ್ಯಯನ. ಮಿತಿಗಳನ್ನು ಮೊದಲೇ ಸರಿಯಾಗಿ ತಿಳಿಸಿದ್ದಾಗ, ವ್ಯವಸ್ಥೆ ತಪ್ಪಿದರೂ ಚಾಲಕರ ನಂಬಿಕೆ ಬೆಳೆಯುತ್ತಲೇ ಹೋಯಿತು. ಆದರೆ ಅನುಭವಕ್ಕೆ ಬಾರದ ಮಿತಿಗಳು ವಾರಗಳು ಕಳೆದಂತೆ ಮನಸ್ಸಿನಿಂದ ಜಾರಿದವು. ಹೆದ್ದಾರಿಯಲ್ಲಿ ಮುಂದಿದ್ದ ಲಾರಿ ಪಕ್ಕಕ್ಕೆ ಸರಿದು, ಅದರಾಚೆ ಕೆಟ್ಟುನಿಂತ ವಾಹನವೊಂದು ಎದುರಾಯಿತೆನ್ನೋಣ: ಸೇತುವೆ, ಫಲಕಗಳಂಥ ನಿಂತ ವಸ್ತುಗಳಿಗೆಲ್ಲ ಬ್ರೇಕು ಬೀಳದಿರಲೆಂದು ಅವುಗಳ ಪ್ರತಿಫಲನವನ್ನು ಗಣನೆಗೆ ತೆಗೆದುಕೊಳ್ಳದ ರೇಡಾರ್ ವ್ಯವಸ್ಥೆ, ದಾರಿ ತೆರವಾಯಿತೆಂದು ವೇಗವನ್ನು ಏರಿಸಬಹುದು. ಕೈಪಿಡಿಯ ಎಚ್ಚರಿಕೆ ನೆನಪಿಗೆ ಬರಬೇಕಾದದ್ದು ಆ ಒಂದೆರಡು ಸೆಕೆಂಡುಗಳಲ್ಲಿ.

ಸ್ವಯಂಚಾಲಿತ ತುರ್ತು ಬ್ರೇಕಿನ ಸಾಧನೆ ನಿರ್ವಿವಾದ. ಹಿಂದಿನಿಂದ ಗುದ್ದುವ ಅಪಘಾತಗಳನ್ನು ಅದು ಸುಮಾರು 50 ಪ್ರತಿಶತ ತಗ್ಗಿಸಿದೆಯೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ 2017ರ ಅಧ್ಯಯನ ಹೇಳುತ್ತದೆ. ಆದರೆ ಕ್ರೂಸ್ ಕಂಟ್ರೋಲಿನೊಂದಿಗೆ ಚಾಲಕರು ದಿನವೂ ಒಡನಾಡಿ ಕಲಿಯುತ್ತಾರೆ, ತುರ್ತು ಬ್ರೇಕಾದರೋ ವರ್ಷಗಟ್ಟಲೆ ಸುಮ್ಮನಿರುತ್ತದೆ. ಆದ್ದರಿಂದ ಅದರ ಮಿತಿಗಳು ಅನುಭವದಿಂದ ತಿಳಿಯುವಂಥವಲ್ಲ. ಪಾದಚಾರಿಗಳನ್ನು ಗುರುತಿಸುವ ಬ್ರೇಕು ಬೀದಿದೀಪವಿಲ್ಲದ ಕತ್ತಲಲ್ಲಿ ಅಪಘಾತಗಳನ್ನು ತಗ್ಗಿಸಿಲ್ಲವೆಂದು ಅದೇ ಸಂಸ್ಥೆ 2022ರಲ್ಲಿ ಕಂಡುಕೊಂಡಿತು. ಅದನ್ನು ತಿಳಿಯದೆ ರಾತ್ರಿ ಕಾರು ಓಡಿಸುವವರನ್ನು ಕುರಿತ ಸಂಶೋಧನೆ ಇನ್ನೂ ತೆಳುವಾಗಿದೆ.

2021ರ ಹೊತ್ತಿಗೆ ಈ ವ್ಯವಸ್ಥೆಗಳು ಭಾರತದಲ್ಲೇ ತಯಾರಾದ ಕಾರುಗಳಿಗೂ ಬಂದವು. ಇಲ್ಲಿನ ರಸ್ತೆಗಳನ್ನು ಯಂತ್ರಕ್ಕೆ ಪರಿಚಯಿಸುವ ಕೆಲಸ ಅದಕ್ಕೂ ಮುನ್ನವೇ ನಡೆದಿತ್ತು: ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳ 10,000 ಚಿತ್ರಗಳಲ್ಲಿ ಆಟೋರಿಕ್ಷಾ, ಪ್ರಾಣಿಗಳನ್ನೂ ಗುರುತಿಸಿಟ್ಟ ದತ್ತಸಂಗ್ರಹ 2018ರಲ್ಲೇ ಸಿದ್ಧವಾಯಿತು. ತಾನು ಬಿಟ್ಟ ಅಂತರದೊಳಗೆ ಸ್ಕೂಟರು ನುಗ್ಗಿದಾಗಲೆಲ್ಲ ಬ್ರೇಕು ಹಿಡಿಯುವ ಕಾರಿನ ಚಾಲಕರು ಆ ವ್ಯವಸ್ಥೆಯನ್ನು ಯಾವಾಗ ಆಫ್ ಮಾಡುತ್ತಾರೆ, ಷೋರೂಮಿನಲ್ಲಿ ಕೀ ಕೊಡುವಾಗ ಹೇಳಿದ್ದರಲ್ಲಿ ಎಷ್ಟನ್ನು ಆರು ತಿಂಗಳ ಬಳಿಕವೂ ನೆನಪಿಟ್ಟಿರುತ್ತಾರೆ ಎಂಬುದಕ್ಕೂ ಅಷ್ಟೇ ಶ್ರದ್ಧೆಯ ಸಂಗ್ರಹವೊಂದು ಬೇಕಾಗಿದೆ.