ಹೆಣ್ಣು, ಹೊನ್ನು, ಮಣ್ಣು: ಪಖ್ತೂನ್ ಗಂಡಸಿನ ಲೆಕ್ಕಾಚಾರ

ಜಗಳಕ್ಕೆಲ್ಲ ಹೆಣ್ಣು, ಹೊನ್ನು, ಮಣ್ಣೇ ಮೂಲ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಪೇಶಾವರದ ಕಡೆಯೂ ಅದೇ ಮಾತಿದೆ: ಝನ್, ಝರ್, ಝಮೀನ್. ಮೂರೂ ಗಂಡಸಿನ ಸೊತ್ತು, ಮೂರನ್ನೂ ಅವನೇ ಕಾಯಬೇಕು. ಪಖ್ತೂನ್ ಗಂಡಸರು ಹೆಣ್ಣುಮಕ್ಕಳ ಓದು, ಓಟು, ಆಸ್ತಿ ಎಲ್ಲಕ್ಕೂ ಯಾಕೆ ಅಡ್ಡ ಬಂದರು ಅಂತ ಕೇಳಿದರೆ, 'ಧರ್ಮ' ಎಂಬ ಉತ್ತರ ಥಟ್ಟನೆ ಬರುತ್ತದೆ. ಚರಿತ್ರೆ ನೋಡಿದರೆ ವಿಷಯ ಅಷ್ಟು ಸಲೀಸಾಗಿಲ್ಲ.

ಮೊದಲು ಮಣ್ಣಿನ ಕಥೆ. ಪಖ್ತೂನರ ಕಟ್ಟುಕಟ್ಟಳೆಗೆ 'ಪಖ್ತೂನ್‌ವಲಿ' ಅಂತ ಹೆಸರು. ರೂಢಿಯಂತೆ ತಂದೆಯ ಜಮೀನು ಗಂಡುಮಕ್ಕಳಿಗೆ ಮಾತ್ರ. ಚಿಕ್ಕಪ್ಪ-ದೊಡ್ಡಪ್ಪನ ಮಗನನ್ನು ಅವರು 'ತರ್ಬೂರ್' ಅಂತಾರೆ. ಆ ಪದಕ್ಕೆ ಎದುರಾಳಿ ಎಂಬ ಅರ್ಥವೂ ಇದೆ. ಥೇಟ್ ನಮ್ಮ 'ದಾಯಾದಿ'! ಇಂಥವನು ಪಕ್ಕದಲ್ಲೇ ಕಣ್ಣಿಟ್ಟು ಕೂತಿರುವಾಗ, ಮಗಳಿಗೂ ಪಾಲು ಕೊಟ್ಟರೆ ಜಮೀನು ಅಳಿಯನ ಮನೆ ಸೇರುತ್ತದೆ ಎಂಬ ಭಯ. ಆದರೆ ಇಸ್ಲಾಮಿನ ಶಾಸ್ತ್ರದಲ್ಲಿ ಮಗನ ಪಾಲಿನ ಅರ್ಧದಷ್ಟು ಮಗಳಿಗೆ ಸಲ್ಲಬೇಕು. ಇಲ್ಲಿ ಹೆಣ್ಣಿನ ಪರ ನಿಂತದ್ದು ಧರ್ಮ, ಅಡ್ಡ ನಿಂತದ್ದು ರೂಢಿ.

1935ರಲ್ಲಿ ಬ್ರಿಟಿಷರ ಕಾಲದ ವಾಯವ್ಯ ಗಡಿ ಪ್ರಾಂತ್ಯ ಷರಿಯತ್ ಕಾಯ್ದೆ ತಂದು ಆ ರೂಢಿಯನ್ನು ಬದಿಗಿಟ್ಟಿತು. ಕಾಗದದ ಮೇಲೆ ಹೆಣ್ಣಿಗೆ ಪಾಲು ಸಿಕ್ಕಿತು. ಆಮೇಲೆ? ಅಕ್ಕತಂಗಿಯರು ತಮ್ಮ ಪಾಲನ್ನು 'ಪ್ರೀತಿಯಿಂದ' ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರು. ಕೇಳಿದರೆ ತವರು ತಪ್ಪುತ್ತದಲ್ಲ! 2012ರಲ್ಲಿ ಖೈಬರ್ ಪಖ್ತೂನ್‌ಖ್ವಾ ಸರ್ಕಾರ ಹೆಣ್ಣಿನ ಆಸ್ತಿ ಹಕ್ಕು ತಡೆಯುವುದು ಅಪರಾಧ ಅಂತ ಮತ್ತೊಂದು ಕಾಯ್ದೆ ಮಾಡಬೇಕಾಯ್ತು. ಹಳೆಯದು ಎಷ್ಟರಮಟ್ಟಿಗೆ ನಡೆದಿತ್ತು, ನೀವೇ ಊಹಿಸಿ.

'ಸ್ವಾರಾ' ಇನ್ನೂ ಕ್ರೂರ. ಎರಡು ಮನೆಗಳ ನಡುವೆ ಕೊಲೆಯಾದರೆ ಜಿರ್ಗಾ, ಅಂದರೆ ಹಿರಿಯ ಗಂಡಸರ ಪಂಚಾಯ್ತಿ, ಸೇರುತ್ತದೆ. ರಾಜಿಯ ಬೆಲೆಯಾಗಿ ಕೊಂದವನ ಮನೆಯ ಹುಡುಗಿಯನ್ನು ಸತ್ತವನ ಮನೆಗೆ ಮದುವೆ ಮಾಡಿ ಕೊಡುತ್ತಾರೆ. ಅಲ್ಲಿ ಹೆಣ್ಣೇ ಹೊನ್ನು. ಪಾಕಿಸ್ತಾನದ ಕಾನೂನು ಇದನ್ನು ಅಪರಾಧ ಅಂತ ಗುರುತಿಸಿದ್ದು ಈ ಶತಮಾನದಲ್ಲಿ.

ಹಾಗಂತ ಪಖ್ತೂನ್ ಗಂಡಸರೆಲ್ಲ ಒಂದೇ ಅಚ್ಚಿನವರಲ್ಲ. ನಾವು ಗಡಿನಾಡ ಗಾಂಧಿ ಎನ್ನುವ ಖಾನ್ ಅಬ್ದುಲ್ ಗಫಾರ್ ಖಾನ್ 1928ರಲ್ಲಿ 'ಪಖ್ತೂನ್' ಎಂಬ ಪತ್ರಿಕೆ ತಂದರು. ಅದರಲ್ಲಿ ಹೆಂಗಸರೂ ಬರೆದರು, ತಮ್ಮ ಗಂಡಸರನ್ನೇ ತರಾಟೆಗೆ ತೆಗೆದುಕೊಂಡರು. ಸಂಪಾದಕರು ಅದನ್ನು ಅಚ್ಚು ಹಾಕಿದರು! ಮರುವರ್ಷ ಹುಟ್ಟಿದ ಖುದಾಯಿ ಖಿದ್ಮತ್‌ಗಾರ್ ಚಳವಳಿಗೂ ಹೆಂಗಸರು ಬಂದರು. ಆ 1929ರಲ್ಲೇ, ಗಡಿಯಾಚೆ ಕಾಬೂಲಿನಲ್ಲಿ, ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದ ಅಮಾನುಲ್ಲಾ ದೊರೆ ಬುಡಕಟ್ಟುಗಳ ದಂಗೆಗೆ ಸಿಂಹಾಸನ ಕಳೆದುಕೊಂಡ. ದಂಗೆಗೆ ತೆರಿಗೆಯಂಥ ಬೇರೆ ಕಾರಣಗಳೂ ಇದ್ದವು. ಆದರೂ ವ್ಯತ್ಯಾಸ ಗಮನಿಸಿ: ಅಮಾನುಲ್ಲಾ ಅರಮನೆಯಿಂದ ಫರ್ಮಾನು ಹೊರಡಿಸಿದ, ಗಫಾರ್ ಖಾನ್ ಹಳ್ಳಿಹಳ್ಳಿ ಸುತ್ತಿ, ಜನರ ಭಾಷೆಯಲ್ಲಿ, ಅವರ ಧರ್ಮದ ಮಾತಿನಲ್ಲೇ ಹೇಳಿದರು.

ಮಲಾಲಾಳ ತಂದೆ ಜಿಯಾವುದ್ದೀನ್ ಯೂಸಫ್‌ಝೈ ಹುಟ್ಟಿದ್ದು ಶಾಂಗ್ಲಾದಲ್ಲಿ. ಅವರ ಐವರು ಅಕ್ಕತಂಗಿಯರು ಶಾಲೆಯ ಮುಖ ನೋಡಲಿಲ್ಲ. ಬರೀ ಗಂಡಸರ ಹೆಸರಿದ್ದ ವಂಶವೃಕ್ಷದಲ್ಲಿ ಗೆರೆ ಎಳೆದು ಮಗಳ ಹೆಸರು ಬರೆದವರು ಅವರು. ಆದರೆ ಅದೇ ಶಾಂಗ್ಲಾದ ಒಂದು ಕ್ಷೇತ್ರದಲ್ಲಿ, 2018ರ ಚುನಾವಣೆಯಲ್ಲಿ, ಹೆಂಗಸರ ಮತ ಶೇಕಡ 10ನ್ನೂ ಮುಟ್ಟಲಿಲ್ಲ. ಹಿಂದಿನ ವರ್ಷವಷ್ಟೇ ಬಂದಿದ್ದ ಕಾನೂನಿನಂತೆ ಫಲಿತಾಂಶ ರದ್ದಾಯ್ತು, ಮತ್ತೆ ಮತದಾನ ನಡೆಯಿತು.

ಮಗಳ ಹೆಸರು ಬರೆದವನೂ ಆ ಊರಿನ ಗಂಡಸೇ, ಹೆಂಡತಿಯನ್ನು ಮತಗಟ್ಟೆಗೆ ಕಳಿಸದವನೂ ಆ ಊರಿನ ಗಂಡಸೇ. ಇಬ್ಬರ ಧರ್ಮವೂ ಒಂದೇ. ಹಾಗಿದ್ದಮೇಲೆ, ತಡೆಯುವವನು ಕಾಯುತ್ತಿರುವುದು ಏನನ್ನು ಅಂತ ಅವನನ್ನೇ ಕೇಳಬೇಕು.