ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಜಾರ್ಜ್ ಸ್ಯುರಾ ಅವರ ಕೃತಿಗಳು

ಜಾರ್ಜ್ ಸ್ಯುರಾ (ಡಿಸೆಂಬರ್ 2, 1859 – ಮಾರ್ಚ್ 29, 1891) ಫ್ರಾನ್ಸಿನ ವರ್ಣಚಿತ್ರಕಾರರು ಮತ್ತು ನಿಯೋ-ಇಂಪ್ರೆಷನಿಸಂ ಪಂಥದ ಪ್ರವರ್ತಕರು. ಬಣ್ಣಗಳನ್ನು ಮೊದಲೇ ಬೆರೆಸಿಕೊಳ್ಳದೆ, ಶುದ್ಧ ವರ್ಣಗಳ ಸಣ್ಣ ಚುಕ್ಕಿಗಳನ್ನು ಒತ್ತೊತ್ತಾಗಿ ಇರಿಸಿ, ಅವು ನೋಡುಗರ ಕಣ್ಣಿನಲ್ಲಿ ಒಂದುಗೂಡುವಂತೆ ಮಾಡುವುದು ಇವರ ವಿಧಾನ. ಇದು ಪಾಯಿಂಟಿಲಿಸಂ ಎಂದು ಪ್ರಸಿದ್ಧವಾಗಿದೆ. ಅಚ್ಚಾದ ಪ್ರತಿಗಳಲ್ಲಿ ಈ ಚುಕ್ಕಿಗಳು ಬಹುಮಟ್ಟಿಗೆ ಮರೆಯಾಗುವುದರಿಂದ ಮೂಲಕೃತಿಯನ್ನು ಹತ್ತಿರದಿಂದಲೂ ದೂರದಿಂದಲೂ ನೋಡುವುದಕ್ಕೆ ವಿಶೇಷ ಮಹತ್ವವಿದೆ.

31ನೆಯ ವಯಸ್ಸಿನಲ್ಲಿಯೇ ನಿಧನರಾದ ಸ್ಯುರಾ ಅವರ ದೊಡ್ಡ ಚಿತ್ರಗಳು ಕೆಲವೇ. ಅವುಗಳಲ್ಲಿ 'ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ' ಶಿಕಾಗೋದಲ್ಲಿಯೂ, 'ರೂಪದರ್ಶಿಗಳು' ಫಿಲಡೆಲ್ಫಿಯಾದಲ್ಲಿಯೂ, 'ಸರ್ಕಸ್ ಮೆರವಣಿಗೆ' ನ್ಯೂಯಾರ್ಕ್‌ನಲ್ಲಿಯೂ ಇವೆ. ಯುರೋಪಿನಲ್ಲಿ ಉಳಿದಿರುವ ಪ್ರಮುಖ ಕೃತಿಗಳು ಮುಖ್ಯವಾಗಿ ಮೂರು ದೇಶಗಳಲ್ಲಿ ಹಂಚಿಹೋಗಿವೆ.

ಲಂಡನ್

ನ್ಯಾಷನಲ್ ಗ್ಯಾಲರಿಯಲ್ಲಿರುವ 'ಆನ್ಯೇರ್‌ನ ಸ್ನಾನಾರ್ಥಿಗಳು' (1884) ಸ್ಯುರಾ ಅವರ ಮೊದಲ ಬೃಹತ್ ಚಿತ್ರ. ಸುಮಾರು 2 ಮೀಟರ್ ಎತ್ತರ ಮತ್ತು 3 ಮೀಟರ್ ಅಗಲವಿರುವ ಇದರಲ್ಲಿ ಸೀನ್ ನದಿಯ ದಡದಲ್ಲಿ ವಿಶ್ರಮಿಸುತ್ತಿರುವವರನ್ನೂ ಹಿನ್ನೆಲೆಯಲ್ಲಿ ಕಾರ್ಖಾನೆಗಳ ಚಿಮಣಿಗಳನ್ನೂ ಕಾಣಬಹುದು. 1884ರಲ್ಲಿ ಪ್ಯಾರಿಸ್ಸಿನ ಅಧಿಕೃತ ಸಲೋನ್ ಪ್ರದರ್ಶನವು ಇದನ್ನು ತಿರಸ್ಕರಿಸಿತು. ಚುಕ್ಕಿಗಳ ವಿಧಾನ ರೂಪುಗೊಳ್ಳುವ ಮೊದಲು ರಚಿತವಾದ ಈ ಚಿತ್ರದ ಕೆಲವು ಭಾಗಗಳಿಗೆ ಸ್ಯುರಾ ನಂತರ ಚುಕ್ಕಿಗಳನ್ನು ಸೇರಿಸಿದರು. ಸ್ಯಾಮ್ಯುಯೆಲ್ ಕೋರ್ಟೋಲ್ಡ್ ಅವರು ಸ್ಥಾಪಿಸಿದ ನಿಧಿಯಿಂದ 1924ರಲ್ಲಿ ಇದನ್ನು ಬ್ರಿಟನ್ನಿನ ಸಾರ್ವಜನಿಕ ಸಂಗ್ರಹಕ್ಕೆ ಕೊಳ್ಳಲಾಯಿತು.

ಕೋರ್ಟೋಲ್ಡ್ ಗ್ಯಾಲರಿಯಲ್ಲಿ 'ಪೌಡರ್ ಹಚ್ಚಿಕೊಳ್ಳುತ್ತಿರುವ ಯುವತಿ' (ಸು. 1888–90) ಇದೆ. ಚಿತ್ರದಲ್ಲಿರುವವರು ಕಲಾವಿದರ ಸಂಗಾತಿ ಮೆಡ್‌ಲೆನ್ ನೋಬ್ಲೋಕ್. ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಈಗ ಕಾಣುವ ಹೂದಾನಿಯ ಕೆಳಗೆ ಸ್ಯುರಾ ತಮ್ಮದೇ ಮುಖವನ್ನು ಚಿತ್ರಿಸಿ ಅಳಿಸಿದ್ದುದು ತಾಂತ್ರಿಕ ಪರೀಕ್ಷೆಯಿಂದ ತಿಳಿದುಬಂದಿದೆ. 'ಕೂರ್ಬೆವ್ವಾ ಸೇತುವೆ' ಇಲ್ಲಿನ ಇನ್ನೊಂದು ಪ್ರಮುಖ ಕೃತಿ.

ಪ್ಯಾರಿಸ್

ಒರ್ಸೆ ವಸ್ತುಸಂಗ್ರಹಾಲಯದಲ್ಲಿ ಸ್ಯುರಾ ಅವರ ಕೊನೆಯ ಚಿತ್ರ 'ಸರ್ಕಸ್' (1890–91) ಇದೆ. ಇದು ಅಪೂರ್ಣವಾಗಿಯೇ ಪ್ರದರ್ಶನಗೊಂಡಿತು; ಪ್ರದರ್ಶನ ನಡೆಯುತ್ತಿದ್ದಾಗಲೇ ಕಲಾವಿದರು ತೀರಿಕೊಂಡರು. ಮುಂದೆ ಇದು ಅವರ ಸ್ನೇಹಿತ, ಚಿತ್ರಕಾರ ಪಾಲ್ ಸಿನ್ಯಾಕ್ ಅವರ ಬಳಿ ಇದ್ದು, ಅವರಿಂದ ಅಮೆರಿಕದ ಸಂಗ್ರಾಹಕ ಜಾನ್ ಕ್ವಿನ್ ಅವರಿಗೆ ಸೇರಿತು. 1924ರಲ್ಲಿ ನಿಧನರಾದ ಕ್ವಿನ್ ತಮ್ಮ ಉಯಿಲಿನ ಮೂಲಕ ಇದನ್ನು ಲೂವ್ರ್‌ಗೆ ನೀಡಿದರು. ಹೀಗೆ, ಸ್ಯುರಾ ಅವರ ದೊಡ್ಡ ಚಿತ್ರಗಳಲ್ಲಿ ಅವರ ಸ್ವದೇಶಕ್ಕೆ ದಕ್ಕಿದ ಈ ಒಂದು ಚಿತ್ರವೂ ವಿದೇಶಿಯರೊಬ್ಬರ ಕೊಡುಗೆ. ಫಿಲಡೆಲ್ಫಿಯಾದಲ್ಲಿರುವ 'ರೂಪದರ್ಶಿಗಳು' ಚಿತ್ರಕ್ಕಾಗಿ ಸಣ್ಣ ಹಲಗೆಗಳ ಮೇಲೆ ರಚಿಸಿದ ಪೂರ್ವಚಿತ್ರಗಳೂ ಇಲ್ಲಿವೆ.

ಒಟರ್ಲೊ

ನೆದರ್ಲೆಂಡ್ಸ್‌ನ ಒಟರ್ಲೊ ಗ್ರಾಮದ ಬಳಿಯಿರುವ ಕ್ರೋಲರ್-ಮುಲರ್ ವಸ್ತುಸಂಗ್ರಹಾಲಯದಲ್ಲಿ, ಕ್ಯಾನ್‌ಕ್ಯಾನ್ ಬಗೆಯ ನೃತ್ಯವನ್ನು ಚಿತ್ರಿಸುವ 'ಶಾಯು' (1889–90) ಇದೆ. ಸಂಗ್ರಾಹಕಿ ಹೆಲೀನ್ ಕ್ರೋಲರ್-ಮುಲರ್ ಇದನ್ನು 1922ರಲ್ಲಿ ಕೊಂಡರು. ನಾರ್ಮಂಡಿಯ ಬಂದರನ್ನು ತೋರಿಸುವ 'ಪೋರ್-ಆಂ-ಬೆಸಾಂ, ಭಾನುವಾರ' (1888) ಸೇರಿದಂತೆ ಕೆಲವು ಕಡಲದೃಶ್ಯಗಳೂ ಇಲ್ಲಿವೆ.

ಇತರ ಸಂಗ್ರಹಗಳು

ಲಂಡನ್ನಿನ ಟೇಟ್ ಸಂಗ್ರಹದಲ್ಲಿ ಕಡಿದಾದ ಕಡಲಬಂಡೆಯ ಚಿತ್ರ 'ಬೆಕ್ ದ್ಯು ಓಕ್' (1885), ಪ್ರಾಗ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಓನ್‌ಫ್ಲರ್ ಬಂದರಿನ ಹಡಗಿನ ಚಿತ್ರ 'ಮರಿಯಾ' (1886) ಇವೆ. ಕೃತಿಗಳು ಆಗಾಗ್ಗೆ ಬೇರೆಡೆಯ ಪ್ರದರ್ಶನಗಳಿಗೆ ಎರವಲಾಗಿ ಹೋಗುತ್ತವೆ.